ಸಾಣೆಯವರು ವಾಪಸ್ ಕೊಟ್ಟ ಡ್ರಿಲ್ ಬಿಟ್

ಸೈಕಲ್ಲಿಗೆ ಕಲ್ಲಿನ ಚಕ್ರ ಕಟ್ಟಿಕೊಂಡು ‘ಚಾಕು, ಕತ್ತರಿ, ಸಾಣೇ...’ ಎಂದು ಕೂಗುತ್ತ ನಮ್ಮ ಬೀದಿಗೆ ಆಗಾಗ ಒಬ್ಬರು ಬರುತ್ತಾರೆ. ಸ್ಟ್ಯಾಂಡ್ ಹಾಕಿ ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಕಲ್ಲು ಗಿರ್ರನೆ ತಿರುಗುತ್ತದೆ, ಕಿಡಿ ಹಾರುತ್ತದೆ, ಬೀದಿಯ ಮಕ್ಕಳೆಲ್ಲ ಸುತ್ತ ಸೇರುತ್ತವೆ. ಈಳಿಗೆಮಣೆಯಿಂದ ಹಿಡಿದು ಟೈಲರ್ ಕತ್ತರಿಯವರೆಗೆ ಯಾವುದನ್ನೂ ಅವರು ಬೇಡ ಅಂದವರಲ್ಲ. ಮೊನ್ನೆ ನಾನು ಹತ್ತು ಎಂಎಂನ ಒಂದು ಮೊಂಡು ಡ್ರಿಲ್ ಬಿಟ್ ತಂದು ಕೈಗಿಟ್ಟೆ. ಮೊನೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು, ಹಾಗೇ ವಾಪಸ್ ಕೊಟ್ಟರು. “ಇದು ನಮ್ಮ ಕೈಲಿ ಆಗಲ್ಲ ಸ್ವಾಮಿ. ಯಾರಾದ್ರೂ ಫಿಟ್ಟರ್ ಹತ್ರ ತಗೊಂಡೋಗಿ.”

ಅವರು ಹೇಳಿದ್ದು ಸರಿ. ಚಾಕುವಿಗೆ ಇರುವುದು ಒಂದೇ ಅಲಗು, ಅದು ಹರಿತವಾದರೆ ಕೆಲಸ ಮುಗಿಯಿತು. ಬಿಟ್ಟಿಗೆ ಎರಡು ಅಲಗು. ಎರಡೂ ಹರಿತವಾಗಿದ್ದರೆ ಸಾಲದು, ಅವಳಿಜವಳಿಯಂತೆ ಇರಬೇಕು. ಉದ್ದ ಒಂದೇ, ಓರೆ ಒಂದೇ. ಒಂದು ಕೂದಲೆಳೆಯಷ್ಟು ಉದ್ದವಾದರೂ ಮೊನೆ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ, ತೂತು ಬಿಟ್ಟಿಗಿಂತ ದೊಡ್ಡದಾಗುತ್ತದೆ.

ಬಿಟ್ ಮೊಂಡಾದದ್ದು ನನ್ನದೇ ತಪ್ಪಿನಿಂದ. ತಾರಸಿಯ ಟ್ಯಾಂಕ್ ಸ್ಟ್ಯಾಂಡಿಗೆ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ತೂತು ಮಾಡಲು ಹೋಗಿ ಕೈ ಡ್ರಿಲ್ಲಿನ ಗುಂಡಿಯನ್ನು ಪೂರ್ತಿ ಒತ್ತಿ ಹಿಡಿದಿದ್ದೆ. ಹತ್ತು ಎಂಎಂ ಬಿಟ್ಟಿಗೆ ಸಾದಾ ಕಬ್ಬಿಣದಲ್ಲಿ ನಿಮಿಷಕ್ಕೆ ಸುಮಾರು 800 ಸುತ್ತು ಸಾಕು, ಸ್ಟೇನ್‌ಲೆಸ್ ಆದರೆ ಅದರರ್ಧ. ನನ್ನದು 2500 ಸುತ್ತಿನಲ್ಲಿ ಕಿರುಚುತ್ತಿತ್ತು. ಸ್ಟೇನ್‌ಲೆಸ್ಸಿನ ಗುಣವೇ ಅದು: ಕೊರೆಯದೆ ಬರೀ ಉಜ್ಜಿದರೆ ಉಜ್ಜಿದ ಜಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಗಟ್ಟಿಯಾಯಿತೆಂದು ನಾವು ಇನ್ನೂ ಒತ್ತುತ್ತೇವೆ. ಸುರುಳಿ ಸುರುಳಿಯಾಗಿ ಬರಬೇಕಾದ ಲೋಹ ಪುಡಿಯಾಗಿ ಉದುರತೊಡಗಿದಾಗಲೇ ನಿಲ್ಲಿಸಬೇಕಿತ್ತು. ಹೊಗೆ ಬಂದ ಮೇಲೆ ನಿಲ್ಲಿಸಿದೆ.

ಹೀಗೆ ನಾನು ಹೋಗಿ ನಿಂತದ್ದು ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ. ಎರಡು ಲೇತು, ಒಂದು ಪಿಲ್ಲರ್ ಡ್ರಿಲ್ಲು, ಮೂಲೆಯಲ್ಲೊಂದು ಬೆಂಚ್ ಗ್ರೈಂಡರ್. ಅದರ ಯಜಮಾನರು ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕೈಪಳಗಿಸಿಕೊಂಡವರು. ಎಚ್‌ಎಂಟಿ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಕೈಗಡಿಯಾರವೇ ನೆನಪು. 1953ರಲ್ಲಿ ಜಾಲಹಳ್ಳಿಯಲ್ಲಿ ಆ ಕಾರ್ಖಾನೆ ಶುರುವಾದದ್ದು ಲೇತು ತಯಾರಿಸಲು, ಗಡಿಯಾರ ಆಮೇಲಿನ ಕತೆ.

“ಬಿಸಾಕಿ ಹೊಸದು ತಗೋಬೋದಿತ್ತಲ್ಲ ಸರ್?” ಎಂದು ನಕ್ಕರು. ನಕ್ಕರೇ ಹೊರತು ಬಿಟ್ಟನ್ನು ಬಿಸಾಡಲಿಲ್ಲ. ಬೆಳಕಿಗೆ ಹಿಡಿದು ಮೊನೆ ನೋಡಿದರು. ಹರಿತವಾದ ಅಲಗಿನ ಅಂಚು ಬೆಳಕಿನಲ್ಲಿ ಕಾಣುವುದಿಲ್ಲ, ಮೊಂಡಾದದ್ದು ಬೆಳ್ಳಿಗೆರೆಯಂತೆ ಹೊಳೆಯುತ್ತದೆ. ನನ್ನದು ಫಳಫಳ ಹೊಳೆಯುತ್ತಿತ್ತು.

ಮೊದಲು ಅವರು ಮುಟ್ಟಿದ್ದು ಬಿಟ್ಟನ್ನಲ್ಲ, ಕಲ್ಲನ್ನು. ಗುಂಡಿ ಬಿದ್ದ ಕಲ್ಲಿನ ಮೇಲೆ ನೇರವಾದ ಅಲಗು ಬರುವುದಿಲ್ಲವಲ್ಲ, ಅದಕ್ಕೇ ಡ್ರೆಸ್ಸರ್ ಹಿಡಿದು ಕಲ್ಲಿನ ಮುಖವನ್ನು ಸಮ ಮಾಡಿಕೊಂಡರು. ಗ್ರೈಂಡರ್ ಚಾಲೂ ಮಾಡುವಾಗ ನನ್ನನ್ನು ಪಕ್ಕಕ್ಕೆ ಸರಿಸಿದರು. ಬಿರುಕು ಬಿಟ್ಟ ಕಲ್ಲು ಒಡೆದರೆ ಎದುರಿಗೆ ನಿಂತವರಿಗೇ ಏಟು. ಕಣ್ಣಿಗೆ ಕನ್ನಡಕ ಹಾಕಿಸಿದರು, ಕೈಗವಸು ತೆಗೆಸಿದರು. ತಿರುಗುವ ಕಲ್ಲಿಗೆ ಬಟ್ಟೆಯ ತುದಿ ಸಿಕ್ಕಿದರೆ ಅದು ಬೆರಳನ್ನೂ ಎಳೆದುಕೊಂಡೇ ಹೋಗುತ್ತದೆ.

ಸಾಮಾನ್ಯ ಬಿಟ್ಟಿನ ಮೊನೆಯ ಕೋನ 118 ಡಿಗ್ರಿ. ಅದರರ್ಧ, ಅಂದರೆ 59 ಡಿಗ್ರಿ ಓರೆಯಲ್ಲಿ ಬಿಟ್ಟನ್ನು ಕಲ್ಲಿನ ಮುಖಕ್ಕೆ ಹಿಡಿಯಬೇಕು. ಈ 59 ಡಿಗ್ರಿ ಕಣ್ಣಿಗೆ ಕೂರಲು ವರ್ಷಗಳೇ ಬೇಕು. ಕೂರುವವರೆಗೆ ಕಲ್ಲಿನ ಮುಂದಿನ ಆನಿಕೆಯ ಮೇಲೆ ಸೀಮೆಸುಣ್ಣದಲ್ಲಿ ಓರೆಗೆರೆ ಎಳೆದುಕೊಂಡರಾಯಿತು. ಎಡಗೈ ತೋರುಬೆರಳು ಬಿಟ್ಟಿನ ಮೊನೆಯ ಹತ್ತಿರ, ಬಲಗೈಯಲ್ಲಿ ಬಾಲ. ಅಲಗು ನೆಲಕ್ಕೆ ಸಮವಾಗಿ ಮಲಗಿರಬೇಕು. ಮೆತ್ತಗೆ ಕಲ್ಲಿಗೆ ತಾಗಿಸಿ, ತಾಗಿದ ಕೂಡಲೇ ಬಾಲವನ್ನು ನಿಧಾನವಾಗಿ ಕೆಳಕ್ಕಿಳಿಸಬೇಕು. ಇಳಿಸುತ್ತ ಎಳ್ಳಷ್ಟು ತಿರುಗಿಸಬೇಕು ಎನ್ನುವವರಿದ್ದಾರೆ, ತಿರುಗಿಸಲೇಬಾರದು ಎನ್ನುವವರೂ ಇದ್ದಾರೆ. ಈ ಜಗಳ ಪೀಣ್ಯದಲ್ಲಿ ಸದ್ಯಕ್ಕೆ ಮುಗಿಯುವಂತೆ ಕಾಣಲಿಲ್ಲ.

ಬಾಲ ಇಳಿಸುವುದರಲ್ಲೇ ಗುಟ್ಟಿರುವುದು. ಅಲಗಿನ ಹಿಂದಿನ ಲೋಹ 8ರಿಂದ 12 ಡಿಗ್ರಿಯಷ್ಟು ಇಳಿಜಾರಾಗಬೇಕು. ಇದನ್ನು ಕ್ಲಿಯರೆನ್ಸ್ ಅನ್ನುತ್ತಾರೆ. ಇಳಿಜಾರು ಇಲ್ಲದಿದ್ದರೆ ಅಲಗಿಗಿಂತ ಮೊದಲು ಅದರ ಬೆನ್ನು ಲೋಹಕ್ಕೆ ತಾಗುತ್ತದೆ. ನೋಡಲು ಹರಿತ, ಕೊರೆಯಲು ಸೊನ್ನೆ. ಇಳಿಜಾರು ಅತಿಯಾದರೆ ಅಲಗು ತೆಳ್ಳಗಾಗಿ ಚೂರು ಕಿತ್ತು ಬರುತ್ತದೆ. ಮೊದಲ ಸಲ ನಾನು ಉಜ್ಜಿದ ಬಿಟ್ ಮೊದಲನೆಯ ಜಾತಿಗೆ ಸೇರಿತ್ತು. ಕಬ್ಬಿಣದ ಮೇಲೆ ಬುಗುರಿಯಂತೆ ಸುತ್ತಿತೇ ಹೊರತು ಒಳಗಿಳಿಯಲಿಲ್ಲ.

ಒಂದು ಬದಿ ಎಷ್ಟು ಸಲ ತಾಗಿಸಿದ್ದೀರೋ ಇನ್ನೊಂದು ಬದಿಯೂ ಅಷ್ಟೇ ಸಲ. ಕಾಲು ಕದಲಿಸದೆ, ಮೊಣಕೈ ಮೈಗೊತ್ತಿಕೊಂಡು, ಬೆರಳಲ್ಲೇ ಬಿಟ್ಟನ್ನು ಅರ್ಧ ಸುತ್ತು ಹೊರಳಿಸಬೇಕು. ಕೋನ ನೋಡಲು ಗೇಜ್ ಸಿಗುತ್ತದೆ. ಅವರ ಬಳಿ ಅದಿರಲಿಲ್ಲ. ಆರು ಮೂಲೆಯ ಎರಡು ನಟ್ಟುಗಳನ್ನು ಮಗ್ಗುಲಿಗೆ ಮಗ್ಗುಲು ಕೂಡಿಸಿ ಹಿಡಿದರು. ನಡುವೆ ಮೂಡುವ ಕೊರಕಲು ಸರಿಯಾಗಿ 120 ಡಿಗ್ರಿ. ಬಿಟ್ಟಿನ ಮೊನೆ ಅದರಲ್ಲಿ ಹೊಂದಿ ಕೂತರೆ ಸಾಕು, ಎರಡು ಡಿಗ್ರಿಯಿಂದ ಯಾರ ಗಂಟೂ ಹೋಗುವುದಿಲ್ಲ.

ಪಕ್ಕದಲ್ಲಿ ನೀರಿನ ಡಬ್ಬ ಇತ್ತು. ನಾನು ಬಿಟ್ ಸುಡುವ ತನಕ ಉಜ್ಜಿ ಚುಯ್ಯೆಂದು ಅದ್ದಹೊರಟೆ. ಕೈ ಹಿಡಿದರು. “ಬಿಸಿ ಆಗೋಕೆ ಮುಂಚೆ ಅದ್ದಬೇಕು ಸರ್, ಆದ್ಮೇಲಲ್ಲ.” ಎಚ್‌ಎಸ್‌ಎಸ್ ಎಂದು ಕೆತ್ತಿದ ಬಿಟ್ಟುಗಳು ಹೈ ಸ್ಪೀಡ್ ಸ್ಟೀಲಿನವು. ಟೇಲರ್ ಮತ್ತು ವೈಟ್ ಎಂಬಿಬ್ಬರು ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ಹದ ಕಂಡುಹಿಡಿದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿ ಎಲ್ಲರನ್ನೂ ಬೆರಗುಗೊಳಿಸಿದ ಉಕ್ಕು ಇದು. 600 ಡಿಗ್ರಿ ಸೆಲ್ಸಿಯಸ್ ಹತ್ತಿರದವರೆಗೆ ಇದರ ಗಟ್ಟಿತನ ಇಳಿಯುವುದಿಲ್ಲ. ಹಾಗಾಗಿ ಮೊನೆ ಸ್ವಲ್ಪ ನೀಲಿಯಾಯಿತೆಂದು ಗಾಬರಿ ಬೇಡ. ಆದರೆ ಕಾದದ್ದನ್ನು ತಣ್ಣೀರಿಗೆ ಅದ್ದಿದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಸಂತೆಯ ಅಗ್ಗದ ಕಾರ್ಬನ್ ಸ್ಟೀಲ್ ಬಿಟ್ಟುಗಳ ಕತೆ ಬೇರೆ. ಅವು ನೀಲಿಯಾದರೆ ಹದ ಹೋಯಿತೆಂದೇ ಲೆಕ್ಕ.

ಬಿಟ್ಟಿಗೆ ಮತ್ತೆ ಮತ್ತೆ ಸಾಣೆ ಹಿಡಿಯಬಹುದು ಎನ್ನುವುದೇ ಒಂದು ಕಾಲಕ್ಕೆ ಹೊಸ ವಿಷಯ. ಹಿಂದೆ ಕಮ್ಮಾರರು ಸರಳಿನ ತುದಿ ಬಡಿದು ಚಪ್ಪಟೆ ಮಾಡಿ ಲೋಹ ಕೊರೆಯುವ ಮೊನೆ ಮಾಡುತ್ತಿದ್ದರು. ಅದನ್ನು ಉಜ್ಜುತ್ತ ಹೋದರೆ ಅಗಲವೂ ಸವೆದು ತೂತು ಕಿರಿದಾಗುತ್ತದೆ. 1863ರಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ಪೇಟೆಂಟ್ ಪಡೆದ ತಿರುಚು ಬಿಟ್ಟಿಗೆ ಮೈಯುದ್ದಕ್ಕೂ ಒಂದೇ ಅಳತೆ. ಎಷ್ಟು ಸಲ ಉಜ್ಜಿದರೂ ಗಿಡ್ಡವಾಗುತ್ತದೆಯೇ ಹೊರತು ತೂತಿನ ಅಳತೆ ಬದಲಾಗದು. ನಮ್ಮ ಯಜಮಾನರ ಡಬ್ಬಿಯಲ್ಲಿ ಕಿರುಬೆರಳುದ್ದಕ್ಕೆ ಇಳಿದ ಬಿಟ್ಟುಗಳೂ ಇದ್ದವು. ತೆಳು ತಗಡಿಗೆ ಅವೇ ಚೆನ್ನ ಅಂದರು. ಗಿಡ್ಡವಾದಷ್ಟೂ ಬಳುಕುವುದಿಲ್ಲ.

ಹಾಗಾದರೆ ಸಾಣೆ ಹಿಡಿಯುವ ಮಷಿನ್ ಯಾಕೆ? ಮೇಜಿನ ಮೇಲಿಡುವ ಸಣ್ಣ ಯಂತ್ರಗಳು ಈಗ ಸಿಗುತ್ತವೆ. ಬಿಟ್ಟನ್ನು ಚಕ್ಕಿನಲ್ಲಿ ಕಚ್ಚಿಸಿ, ಕಿಂಡಿಯಲ್ಲಿ ಹೊಂದಿಸಿ, ಎರಡು ಬದಿ ತಿರುಗಿಸಿದರೆ ಮುಗಿಯಿತು. 118 ಬೇಕೋ, ಗಟ್ಟಿ ಲೋಹಕ್ಕೆ 135 ಬೇಕೋ ಆರಿಸಿಕೊಳ್ಳಬಹುದು. ಎರಡೂ ಅಲಗು ಒಂದೇ ಅಳತೆಗೆ ಬರುತ್ತವೆ, ಅದನ್ನು ಒಪ್ಪಲೇಬೇಕು. ದಿನಕ್ಕೆ ಹತ್ತಾರು ಬಿಟ್ ಸವೆಸುವವರಿಗೆ, ಕೈ ನಡುಗುವವರಿಗೆ ಅದೇ ಸರಿ. ಇಡೀ ಮೈ ಕಾರ್ಬೈಡ್ ಇರುವ ದುಬಾರಿ ಬಿಟ್ಟುಗಳಿಗಂತೂ ಕೈಯ ಮಾತೇ ಇಲ್ಲ. ಅವು ವಜ್ರದ ಕಲ್ಲಿರುವ ಸಿಎನ್‌ಸಿ ಯಂತ್ರಕ್ಕೇ ಹೋಗಬೇಕು. ಆದರೆ ವರ್ಷಕ್ಕೆ ನಾಲ್ಕು ಬಿಟ್ ಮೊಂಡು ಮಾಡುವ ನನ್ನಂಥವನು ಆ ಯಂತ್ರ ಕೊಳ್ಳುವುದು ದಂಡ. ಮೂರು ಎಂಎಂಗಿಂತ ಸಣ್ಣ ಬಿಟ್ಟನ್ನು ಕೈಯಲ್ಲಾಗಲಿ ಯಂತ್ರದಲ್ಲಾಗಲಿ ಉಜ್ಜುತ್ತ ಕೂರುವುದಕ್ಕಿಂತ ಹೊಸದು ತರುವುದೇ ವಾಸಿ. ಗೋಡೆ ಕೊರೆಯುವ ಬಿಟ್ಟಿನ ತುದಿಯ ಕಾರ್ಬೈಡ್ ಚೂರಿಗೆ ಮಾಮೂಲಿ ಬೂದು ಕಲ್ಲು ಹತ್ತುವುದೇ ಇಲ್ಲ, ಹಸಿರು ಕಲ್ಲು ಬೇಕು.

ಮಧ್ಯಾಹ್ನದ ಹೊತ್ತಿಗೆ ನಾಲ್ಕನೇ ಪ್ರಯತ್ನದಲ್ಲಿ ನನ್ನ ಬಿಟ್ ಕಬ್ಬಿಣಕ್ಕೆ ಇಳಿಯಿತು. ಎರಡೂ ಕಡೆಯಿಂದ ಸುರುಳಿ ಬಂತು, ಒಂದು ಕಡೆಯದು ತುಸು ತೆಳ್ಳಗೆ. ಯಜಮಾನರು ತೂತಿಗೆ ವರ್ನಿಯರ್ ಇಟ್ಟು ನೋಡಿದರು. ಹತ್ತು ಎಂಎಂ ಬಿಟ್ಟಿಗೆ 10.3 ಎಂಎಂ ತೂತು.

“ಬೋಲ್ಟ್ ಹಾಕೋಕೆ ತಾನೆ? ನಡೀತದೆ,” ಅಂದರು.