ವಿಜಯಾ ಹೆಸರಿನ ಕಾಡಾಮೆ

ಆಮೆಯೆಂದೊಡನೆ ನಮಗೆ ಕೆರೆಯೋ ಹೊಳೆಯೋ ನೆನಪಿಗೆ ಬರುವುದು ಸಹಜ. ಆದರೆ ಕೇರಳ ಹಾಗೂ ಕರ್ನಾಟಕಗಳ ಪಶ್ಚಿಮ ಘಟ್ಟದ ಅಡವಿಗಳಲ್ಲಿ, ಬಹುಮಟ್ಟಿಗೆ ನೆಲದ ಮೇಲೆಯೇ, ತರಗೆಲೆಗಳ ನಡುವೆ ಬಾಳುವ ಪುಟ್ಟ ಆಮೆಯೊಂದುಂಟು. ಅದರ ಚಿಪ್ಪು ಒಂದು ಗೇಣಿನಷ್ಟೂ ಉದ್ದವಿಲ್ಲ. ಸುಮಾರು 13 ಸೆಂಟಿಮೀಟರು. ಬೆನ್ನಿನ ಮೇಲೆ ಮೂರು ಏಣುಗಳು, ಹಳದಿಯ ಮುಖ, ಮೂತಿಯ ತುದಿಯಲ್ಲಿ ಕುಂಕುಮವಿಟ್ಟಂತೆ ಒಂದು ಕೆಂಪು ಬೊಟ್ಟು. ಮಲಯಾಳಿಗಳು ಇದನ್ನು ‘ಚೂರಲಾಮ’ ಎನ್ನುತ್ತಾರೆ. ಚೂರಲ್ ಎಂದರೆ ಬೆತ್ತ.

ಕೊಚ್ಚಿ ಸಂಸ್ಥಾನದ ಕವಲೈ ಎಂಬಲ್ಲಿನ ಕಾಡಿನಲ್ಲಿ ದೊರೆತ ಎರಡು ಆಮೆಗಳನ್ನು ಪರೀಕ್ಷಿಸಿ, 1912ರಲ್ಲಿ ಹೆಂಡರ್ಸನ್ ಎಂಬ ವಿದ್ವಾಂಸರು ಇದಕ್ಕೆ ‘ಜಿಯೊಎಮಿಡಾ ಸಿಲ್ವಾಟಿಕಾ’ ಎಂದು ಹೆಸರಿಟ್ಟರು. ಸಿಲ್ವಾಟಿಕಾ ಎಂಬುದು ಲ್ಯಾಟಿನ್ ಶಬ್ದ. ಕಾಡಿಗೆ ಸೇರಿದ್ದು ಎಂದು ಅದರ ಅರ್ಥ. ಅನಂತರ ಸುಮಾರು 70 ವರ್ಷ ಈ ಪ್ರಾಣಿ ಯಾರಿಗೂ ಕಾಣಲಿಲ್ಲವೆಂದು ಹೇಳುವುದುಂಟು. ಶಾಸ್ತ್ರಜ್ಞರಿಗೆ ಕಾಣಲಿಲ್ಲವೆಂದಷ್ಟೇ ಅದರ ಅರ್ಥವೆಂದು ನಾವು ತಿಳಿಯಬೇಕು. ಆ ಅಡವಿಯ ನಿವಾಸಿಗಳಾದ ಕಾಡರ್ ಜನರು ಅದನ್ನು ಬಲ್ಲವರೇ ಆಗಿದ್ದರು.

1982ರಲ್ಲಿ ಚಾಲಕ್ಕುಡಿಯ ಕಾಡುಗಳಲ್ಲಿ ಅದನ್ನು ಮರಳಿ ಗುರುತಿಸಿದವರು ಜೆ. ವಿಜಯಾ ಎಂಬ ತರುಣಿ. ಮದ್ರಾಸಿನ ಹಾವುಗಳ ಉದ್ಯಾನದಲ್ಲಿ ಸ್ವಯಂಸೇವಕಿಯಾಗಿ ಕೆಲಸ ಕಲಿತ ಇವರನ್ನು ಭಾರತದ ಮೊದಲ ಮಹಿಳಾ ಉರಗಶಾಸ್ತ್ರಜ್ಞೆಯೆಂದು ಪರಿಗಣಿಸಲಾಗಿದೆ. ಕಾಡರ ನೆರವಿನಿಂದ ಆಮೆಯನ್ನು ಹುಡುಕಿ, ಕಾಡಿನಲ್ಲಿಯೇ ತಂಗಿ, ಅದರ ನಡೆನುಡಿಗಳನ್ನು—ನುಡಿ ಆಮೆಗೆಲ್ಲಿಯದು, ನಡೆಯನ್ನೆನ್ನೋಣ—ಅವರು ಗಮನಿಸಿ ಬರೆದಿಟ್ಟರು. ಹೆಣ್ಣುಮಗಳೊಬ್ಬಳು ಇಂಥ ಕೆಲಸಕ್ಕೆಂದು ಅಡವಿಯಲ್ಲಿ ನೆಲಸುವುದು ಅಂದಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ. 1987ರಲ್ಲಿ, ಮೂವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು.

ಇಷ್ಟರಲ್ಲಿ ಆಮೆಯ ಕುಲವೇ ವಿವಾದಕ್ಕೆ ಬಂದಿತ್ತು. ಹೆಂಡರ್ಸನ್ ಸೇರಿಸಿದ ಕುಲದಿಂದ ಅದನ್ನು ತೆಗೆದು ಬೇರೊಂದಕ್ಕೆ ಸೇರಿಸಿದ್ದರು. ವಂಶವಾಹಿಗಳ ಪರೀಕ್ಷೆಯಿಂದ ಅದು ಎರಡಕ್ಕೂ ಸೇರಿದುದಲ್ಲವೆಂದು ತಿಳಿದುಬರಲು, 2006ರಲ್ಲಿ ಅದಕ್ಕಾಗಿಯೇ ಹೊಸ ಕುಲವನ್ನು ಕಲ್ಪಿಸಿ ‘ವಿಜಯಚೆಲಿಸ್’ ಎಂದು ಕರೆದರು. ಚೆಲಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಆಮೆ. ಕುಲನಾಮ ಬದಲಾದರೂ ಮೊದಲಿಟ್ಟ ಜಾತಿನಾಮ ಉಳಿಯಬೇಕೆಂಬುದು ಪ್ರಾಣಿಶಾಸ್ತ್ರದ ಕಟ್ಟಳೆ. ಆದುದರಿಂದ ಇಂದು ಅದು ‘ವಿಜಯಚೆಲಿಸ್ ಸಿಲ್ವಾಟಿಕಾ’. ವ್ಯಕ್ತಿಗಳ ಹೆಸರನ್ನು ಒಂದು ಜಾತಿಗೆ ಇಡುವುದು ಹೆಚ್ಚಾಗಿ ಕಂಡುಬರುತ್ತದೆ. ಇಡೀ ಕುಲಕ್ಕೆ ಇಡುವುದು ಅಪರೂಪ. ಈ ಕುಲದಲ್ಲಿ ಇರುವುದಾದರೂ ಇದೊಂದೇ ಜಾತಿ.

ಎಲೆ, ಹಣ್ಣು, ಸಣ್ಣ ಕ್ರಿಮಿಗಳು ಇದರ ಆಹಾರ. ನೆರಳೂ ತೇವವೂ ಇರುವ ಕಾಡಿನ ನೆಲವೇ ಇದರ ಮನೆ. ಕಾಡು ಕಡಿದು ತೋಟವಾದಂತೆ ಆ ನೆಲ ಕಡಿಮೆಯಾಗುತ್ತಿದೆ. ಘಟ್ಟದ ಅಡವಿಗೆ ಹೋದಾಗ ತರಗೆಲೆಗಳ ನಡುವೆ ಕೆಂಪು ಬೊಟ್ಟಿನ ಮೂತಿಯೊಂದು ಕಂಡರೆ, ವಿದ್ಯಾರ್ಥಿಗಳು ಅದನ್ನು ಮನೆಗೆ ತರದೆ, ನೋಡಿದ ಸ್ಥಳವನ್ನೂ ದಿನವನ್ನೂ ಬರೆದುಕೊಂಡು ಬರಲಿ.