ಕಿಟಕಿಗೊಂದು ಟ್ವೀಡ್ ಪರದೆ

ಸ್ಕಾಟ್ಲೆಂಡಿನ ವಾಯವ್ಯದಲ್ಲಿ, ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಮೈಯೊಡ್ಡಿರುವ ಔಟರ್ ಹೆಬ್ರಿಡೀಸ್ ದ್ವೀಪಗಳ ನೇಕಾರರು ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಯ ಬಟ್ಟೆಯನ್ನು ತಂತಮ್ಮ ಮನೆಗಳಲ್ಲಿಯೇ ಕೈಯಿಂದ ನೇಯುತ್ತಾರೆ. ಹಾಗೆ ನೇಯ್ದುದಕ್ಕೆ ಮಾತ್ರ ಈ ಹೆಸರು ಸಲ್ಲತಕ್ಕದ್ದೆಂದು ಬ್ರಿಟನ್ನಿನ 1993ರ ಶಾಸನವೇ ವಿಧಿಸಿದೆ. ಕೋಟುಗಳಿಗೆ ಪ್ರಸಿದ್ಧವಾದ ಈ ಬಟ್ಟೆ ಕಿಟಕಿಯ ಪರದೆಯಾಗಿ, ಕುರ್ಚಿಯ ಹೊದಿಕೆಯಾಗಿ ಮನೆಯನ್ನೂ ಅಲಂಕರಿಸುತ್ತದೆ. ಅಲಂಕಾರವಲ್ಲದೆ ಅದರಿಂದ ಬೇರೆ ಪ್ರಯೋಜನವುಂಟೆ?

ಉಂಟು. ಉಣ್ಣೆಯ ಎಳೆ ಗುಂಗುರುಗುಂಗುರಾಗಿರುವುದರಿಂದ ನೂಲಿನೊಳಗೆ ಗಾಳಿಯ ಅಸಂಖ್ಯ ಪುಟ್ಟ ಗೂಡುಗಳು ಉಳಿಯುತ್ತವೆ. ನಿಶ್ಚಲವಾದ ಗಾಳಿ ಉಷ್ಣದ ಮಂದವಾಹಕ. ಗಾಜಿನ ವಾಹಕತೆ ಅದರ ಸುಮಾರು 40 ಪಟ್ಟು. ಆದುದರಿಂದ ಚಳಿಗಾಲದ ರಾತ್ರಿ ಗಾಜಿನ ಕಿಟಕಿಗೆ ಟ್ವೀಡ್ ಪರದೆಯನ್ನು ಇಳಿಬಿಟ್ಟರೆ ಕೋಣೆಯ ಶಾಖ ಹೊರಗೆ ಸೋರುವುದು ತಗ್ಗುತ್ತದೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ಪರದೆಯ ಮೇಲೂ ಕೆಳಗೂ ತೆರಪಿದ್ದರೆ, ಗಾಜಿಗೆ ತಾಗಿ ತಣಿದ ಗಾಳಿ ಸಾಂದ್ರವಾಗಿ ಕೆಳಗಿಳಿದು ನೆಲದ ಮೇಲೆ ಹರಿಯುತ್ತದೆ. ಅದರ ಸ್ಥಾನಕ್ಕೆ ಕೋಣೆಯ ಬಿಸಿಗಾಳಿ ಮೇಲಿನಿಂದ ನುಗ್ಗುತ್ತದೆ. ಈ ಸಂವಹನ ನಡೆದಿರುವವರೆಗೆ ಬಟ್ಟೆ ಎಷ್ಟು ದಪ್ಪವಾಗಿದ್ದರೂ ಪ್ರಯೋಜನ ಅಲ್ಪವೇ. ಪರದೆ ನೆಲವನ್ನು ಮುಟ್ಟಬೇಕು. ಅದರ ಅಂಚುಗಳು ಗೋಡೆಗೆ ಒತ್ತಿರಬೇಕು.

ಬಣ್ಣದ ವಿಚಾರವೂ ಸ್ವಾರಸ್ಯವಾದುದು. ಹ್ಯಾರಿಸ್ ಟ್ವೀಡಿನ ಉಣ್ಣೆಗೆ ನೂಲುವ ಮೊದಲೇ ಬಣ್ಣ ಹಾಕಿ, ಹಲವು ವರ್ಣಗಳನ್ನು ಬೆರೆಸುತ್ತಾರೆ. ದೂರಕ್ಕೆ ಬರಿಯ ಕಂದೆಂದು ತೋರುವ ಬಟ್ಟೆಯಲ್ಲಿ ಸಮೀಪದಿಂದ ಕೆಂಪು, ಹಳದಿ, ಹಸುರು ಎಳೆಗಳು ಕಾಣಬಹುದು. ದೂರದಲ್ಲಿ ಆ ಎಳೆಗಳನ್ನು ನಮ್ಮ ಕಣ್ಣು ಬಿಡಿಬಿಡಿಯಾಗಿ ಗುರುತಿಸಲಾರದು. ವರ್ಣಗಳು ಕೂಡಿ ಒಂದಾಗುತ್ತವೆ. ಆದ್ದರಿಂದ ಪರದೆಯ ಬಟ್ಟೆಯನ್ನು ಆರಿಸುವವರು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಸಾಲದು. ಕೋಣೆಯ ಆಚೆ ತುದಿಯಲ್ಲಿ ನಿಂತೂ ನೋಡಬೇಕು.