ಚಿಂಚೋಳಿಗೆ ಹೊಸದಾಗಿ ಬಂದವರಿಗೆ: ಹಬ್ಬ, ರಜೆ, ಊಟ

ವರ್ಗವಾಗಿ ಚಿಂಚೋಳಿಗೆ ಬಂದ ಶಿಕ್ಷಕರು, ಬ್ಯಾಂಕಿನವರು, ಸಿಮೆಂಟ್ ಕಾರ್ಖಾನೆ ಕೆಲಸಕ್ಕೆಂದು ಸೇಡಂ, ವಾಡಿಯಲ್ಲಿ ಮನೆ ಮಾಡಿದವರು ಸರ್ಕಾರಿ ರಜೆಯ ಪಟ್ಟಿಯೊಂದನ್ನೇ ನಂಬಿದರೆ ಕೆಲಸ ಕೆಡುತ್ತದೆ. ಈ ಸೀಮೆಯ ಹಬ್ಬಗಳು ತೊಗರಿ, ಜೋಳದ ಹೊಲದ ಲೆಕ್ಕದಲ್ಲಿ ಬರುತ್ತವೆ. ಹುಣ್ಣಿಮೆ, ಅಮಾವಾಸ್ಯೆ ತೋರಿಸುವ ಕ್ಯಾಲೆಂಡರ್ ಒಂದು ಗೋಡೆಯ ಮೇಲಿರಲಿ.

ಎಳ್ಳ ಅಮಾವಾಸ್ಯೆ

ಡಿಸೆಂಬರ್ ಕೊನೆಗೋ ಜನವರಿಗೋ ಬರುವ ಈ ದಿನ ಊರಲ್ಲಿ ಯಾರೂ ಸಿಗುವುದಿಲ್ಲ. ಸಾಲ ವಸೂಲಿ, ಸಭೆ, ಪೋಷಕರ ಭೇಟಿ ಯಾವುದನ್ನೂ ಇಟ್ಟುಕೊಳ್ಳಬೇಡಿ. ತೊಗರಿ ಬಲಿತು, ಹಿಂಗಾರಿ ಜೋಳ ಎದೆಮಟ್ಟ ನಿಂತಿರುವ ಹೊತ್ತಿನಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿಗೆ ಪೂಜೆ ಮಾಡಿ, ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ, ಪೈರಿನ ನಡುವೆ ಕೂಗುತ್ತ ಚರಗ ಚೆಲ್ಲುತ್ತಾರೆ. ಆಮೇಲೆ ಬದುವಿನ ಮೇಲೆ ಪಂಕ್ತಿ.

ಅಂದಿನ ಮುಖ್ಯ ಅಡುಗೆ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜಿ ಬೇರೆ, ಇದು ಬೇರೆ. ಹಸಿ ತೊಗರಿಕಾಳು, ಕಡಲೆ, ಅವರೆ, ಮೆಂತ್ಯೆ ಸೊಪ್ಪು, ಕೈಗೆ ಸಿಕ್ಕ ತರಕಾರಿಯೆಲ್ಲ ಬೇಯಿಸಿ, ಹುಣಸೆಹುಳಿ, ಕಡಲೆಹಿಟ್ಟು ಸೇರಿಸಿ ಕುದಿಸಿದ ಗಟ್ಟಿ ಪಲ್ಯ. ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕಡುಬು. "ಬರ್ರಿ ಸರ್, ಹೊಲಕ್ಕ ಹೋಗೋಣು" ಎಂದು ಯಾರಾದರೂ ಕರೆದರೆ ಹೊರಟುಬಿಡಿ. ಬಡಿಸುವವರ ಕೈ ತಡೆಯಬೇಕಿದ್ದರೆ ಎರಡನೇ ರೊಟ್ಟಿಗೇ "ಸಾಕ್ರಿ" ಎನ್ನಿ. ಮೂರನೆಯದಕ್ಕೆ ಕಾದರೆ ನಾಲ್ಕನೆಯದೂ ಬೀಳುತ್ತದೆ.

ಉಳಿದ ದಿನಗಳು

ಯುಗಾದಿಗೆ ಇಲ್ಲಿ ಬೇವನ್ನು ಲೋಟದಲ್ಲಿ ಕೊಡುತ್ತಾರೆ. ಹುಣಸೆರಸ, ಬೆಲ್ಲ, ಮಾವಿನಕಾಯಿ, ಬೇವಿನ ಹೂವು, ಪುಟಾಣಿ ಪುಡಿ ಕಲಸಿದ ಪಾನಕವದು. ಹೋಳಿ ಮುಗಿದ ಐದನೇ ದಿನ ಕಲಬುರಗಿಯ ಶರಣಬಸವೇಶ್ವರರ ತೇರು; ಅಂದು ಬಸ್ಸಿನಲ್ಲಿ ಸೀಟಿನ ಆಸೆ ಬಿಡಿ. ಮೊಹರಂನಲ್ಲಿ ಹಳ್ಳಿಯ ಹಿಂದೂಗಳೂ ಅಲಾಯಿ ದೇವರಿಗೆ ನಡೆದುಕೊಳ್ಳುತ್ತಾರೆ, ಮನೆಮನೆಯಲ್ಲಿ ಚೋಂಗೆ ಎಂಬ ಸಿಹಿ ಮಾಡುತ್ತಾರೆ. ಮೊಹರಂ, ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಹೋದ ವರ್ಷದ ತಾರೀಖು ಕೆಲಸಕ್ಕೆ ಬಾರದು. ಶ್ರಾವಣದಲ್ಲಿ ಬಹಳಷ್ಟು ಮನೆಗಳಲ್ಲಿ ಮಾಂಸವಿಲ್ಲ. ಊಟಕ್ಕೆ ಕರೆಯುವ ಮುಂಚೆ ಕೇಳಿಕೊಳ್ಳಿ.

ಚಿಂಚೋಳಿ ತಾಲ್ಲೂಕಿನ ತಾಂಡಾಗಳಲ್ಲಿ ದೀಪಾವಳಿಯ ಅಮಾವಾಸ್ಯೆ ಸಂಜೆ ಲಂಬಾಣಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ 'ಮೇರಾ' ಎಂಬ ಹಾರೈಕೆಯ ಹಾಡು ಹೇಳುತ್ತಾರೆ. ಫೆಬ್ರುವರಿ 15 ಲಂಬಾಣಿಗರ ಗುರು ಸೇವಾಲಾಲರ ಜಯಂತಿ. ಸೆಪ್ಟೆಂಬರ್ 17ರಂದು ಧ್ವಜಾರೋಹಣವಿರುತ್ತದೆ. 1948ರಲ್ಲಿ ಈ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ದಿನವದು. ಈಗ ಕಲ್ಯಾಣ ಕರ್ನಾಟಕ ಉತ್ಸವ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ.

ದಿನದ ಊಟ

ಬೆಳಿಗ್ಗೆ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು, ಹಿಂಡಿ. ಮಾಂಸ ತಿನ್ನುವವರಿಗೆ ಮಾಂಸ ಹಾಕಿದ ಅನ್ನ, ತಹರಿ. ಬೇಳೆ ಕೊಳ್ಳುವಾಗ ಊರಿನ ತೊಗರಿಬೇಳೆಯನ್ನೇ ಕೇಳಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಚಳಿ ಇಳಿಯುವ ಹೊತ್ತಿಗೆ ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ ಕೆಲವೇ ದಿನ ಸಿಗುತ್ತದೆ, ತಪ್ಪಿಸಿಕೊಳ್ಳಬೇಡಿ.

ಹೀಗೆ ಉಂಡ ಋಣ ತೀರಿಸಲು ದಸರೆ ಒಳ್ಳೆಯ ಸಂದರ್ಭ. ವಿಜಯದಶಮಿಯ ಸಂಜೆ ನೀವೇ ಬನ್ನಿ ಎಲೆ ಹಿಡಿದು ಓಣಿಯ ಹಿರಿಯರ ಮನೆಗೆ ಹೋಗಿ, ಕೊಟ್ಟು ಕಾಲಿಗೆರಗಿ. ಯಾರೂ ಕರೆಯದೆಯೂ ಹೋಗಬಹುದಾದ ದಿನವದು.